ಸತ್ವಾದ ಗ್ಯಾರೇಜಿನಲ್ಲಿ ಎಂಜಿನ್ ಬದಲಿಸಿದ ಬೇಸಿಗೆ

ಮೊದಲಿಗೇ ಓದುಗರಲ್ಲಿ ಒಂದು ಬಿನ್ನಹ. ನಾನು ಬರವಣಿಗೆಯಲ್ಲಿ ಪಳಗಿದವಳಲ್ಲ. ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದವಳು ನಾನೊಬ್ಬಳೇ. ಅಲ್ಲಿಯೂ ಕಲಿತದ್ದು ಎಲೆಕ್ಟ್ರಾನಿಕ್ಸ್. ಕಾರಿನ ಕೆಲಸ ಬಲ್ಲವರಿಗೆ ನನ್ನ ವಿವರಣೆ ಅಪೂರ್ಣವೆನಿಸಬಹುದು, ಭಾಷೆ ಬಲ್ಲವರಿಗೆ ವಾಕ್ಯಗಳು ತೊಡಕೆನಿಸಬಹುದು. ಎರಡನ್ನೂ ದಯವಿಟ್ಟು ಮನ್ನಿಸಬೇಕು. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಕಳೆದ ತಿಂಗಳು ದುಬೈಯ ದೇರಾದಲ್ಲಿ ಕಚೇರಿಯ ಬಸ್ಸಿಗಾಗಿ ಕಾಯುತ್ತಿದ್ದಾಗ ನೀರಿನ ಟ್ಯಾಂಕರೊಂದು ರಸ್ತೆಯ ಪಕ್ಕಕ್ಕೆ ಸರಿದು ನಿಂತಿತು. ಚಾಲಕ ಇಳಿದು ಮುಂಭಾಗವನ್ನು ತೆರೆಯುತ್ತಿದ್ದಂತೆ ಆವಿ ಎದ್ದಿತು, ಅದರ ಜೊತೆಗೆ ಕುದಿದ ಕೂಲೆಂಟಿನ ವಾಸನೆ. ರೇಡಿಯೇಟರಿನ ನೀರಿಗೆ ಬೆರೆಸುವ ಆ ಹಸಿರು ದ್ರವ ಕುದಿದರೆ ತಳ ಹಿಡಿದ ಪಾಯಸದಂತೆ ಸಿಹಿಯಾಗಿ, ಗಂಟಲಿಗೆ ಅಂಟಿಕೊಳ್ಳುವಂತೆ ನಾರುತ್ತದೆ. ಬಸ್ಸು ಬಂದಿತು. ನನಗೆ ಅದನ್ನು ಹತ್ತಬೇಕೆಂಬುದು ತೋಚಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆ, ಅದರ ಪೂರ್ತಿ ಆಯಾಸದೊಂದಿಗೆ, ಆ ನಿಲ್ದಾಣದಲ್ಲಿ ನನ್ನ ಮೈಮೇಲೆ ಬಂದು ಕುಳಿತಿತು.

ಆಗ ನಾವು ಇದೇ ಊರಿನ ಸತ್ವಾದಲ್ಲಿದ್ದೆವು. ದರ್ಜಿಗಳ ಅಂಗಡಿಸಾಲಿನ ಹಿಂದಿನ ಗಲ್ಲಿಯಲ್ಲಿ ಅಣ್ಣನ ಗ್ಯಾರೇಜು. ಅಣ್ಣ ಮಂಜುನಾಥ ಶಿರೂರಿನ ಕಡಲತಡಿಯಲ್ಲಿ ಮೀನುಗಾರಿಕೆಯ ಬೋಟುಗಳ ಎಂಜಿನ್ ಬಿಚ್ಚಿ ಜೋಡಿಸುತ್ತ ಬೆಳೆದವನು. ಮದುವೆಗೆ ಮುಂಚೆಯೇ ದುಬೈಗೆ ಬಂದವನು. ಗ್ಯಾರೇಜಿನ ಎದುರಿಗೆ, ಹಲವು ಸಂಸಾರಗಳು ಹಂಚಿಕೊಂಡಿದ್ದ ಹಳೆಯ ವಿಲ್ಲಾದಲ್ಲಿ ಎರಡು ಕೋಣೆಗಳು ನಮ್ಮವು. ಒಂದರಲ್ಲಿ ಅಣ್ಣ ಮತ್ತು ಗಿರಿಜತ್ತಿಗೆ, ಇನ್ನೊಂದರಲ್ಲಿ ಅವರ ಮಗಳು ಪ್ರಾರ್ಥನಾ ಮತ್ತು ನಾನು. ನನ್ನನ್ನು ಓದಿಸಿದವನೂ ಅಣ್ಣನೇ, ಇಲ್ಲಿಗೆ ಕರೆಸಿಕೊಂಡವನೂ ಅವನೇ. ನಾನು ದೇರಾದ ಒಂದು ಕಟ್ಟಡ ಕಂಪನಿಯಲ್ಲಿ ಕಡತಗಳನ್ನು ಜೋಡಿಸಿಡುವ ಕೆಲಸದಲ್ಲಿದ್ದೆ. ಪದವಿಗೂ ಆ ಕೆಲಸಕ್ಕೂ ಸಂಬಂಧವಿರಲಿಲ್ಲ. ಊರಿನಿಂದ ಯಾರಾದರೂ ಫೋನ್ ಮಾಡಿ "ಇಂಜಿನಿಯರ್ ಅಲ್ದಾ ನೀನು?" ಎಂದರೆ ನಾನು ಹೌದೆಂದು ಹೇಳಿ ಬೇಗನೆ ಬೇರೆ ಮಾತು ತೆಗೆಯುತ್ತಿದ್ದೆ.

ಗ್ಯಾರೇಜಿನ ಜಾಗವೂ ಪರವಾನಗಿಯೂ ಒಬ್ಬ ಸ್ಥಳೀಯ ಹಿರಿಯರ ಹೆಸರಿನಲ್ಲಿದ್ದವು. ಯಜಮಾನರು ಎನ್ನುವ ಅರ್ಥದಲ್ಲಿ ಎಲ್ಲರೂ ಅವರನ್ನು ಅರ್ಬಾಬ್ ಎನ್ನುತ್ತಿದ್ದರು. ಅಣ್ಣನ ವೀಸಾ ಆ ಪರವಾನಗಿಯನ್ನು ಹಿಡಿದು ನಿಂತಿತ್ತು. ಅತ್ತಿಗೆಯ ಮತ್ತು ಪ್ರಾರ್ಥನಾಳ ವೀಸಾಗಳು ಅಣ್ಣನ ವೀಸಾವನ್ನು ಹಿಡಿದು ನಿಂತಿದ್ದವು. ನನ್ನ ಸಂಬಳದ ಮೇಲೆ ಯಾರನ್ನೂ ಇಲ್ಲಿ ಇರಿಸಿಕೊಳ್ಳುವಂತಿರಲಿಲ್ಲ.

ಆ ವರ್ಷದ ಮಾರ್ಚ್ ತಿಂಗಳಲ್ಲಿ ಅರ್ಬಾಬರು ಕೆಟ್ಟ ಗಾಡಿಗಳನ್ನು ಹೊತ್ತೊಯ್ಯುವ ರಿಕವರಿ ಲಾರಿಯ ಬೆನ್ನ ಮೇಲೆ ಒಂದು ಕಾರನ್ನು ಹೇರಿಸಿಕೊಂಡು ಬಂದರು. ಅಮೆರಿಕದ ಹಳೆಯ ಮಾದರಿ: ಎರಡೇ ಬಾಗಿಲು, ಅರ್ಧ ಕಾರಿನಷ್ಟು ಉದ್ದದ ಬಾನೆಟ್, ಕಡುಹಸಿರು ಬಣ್ಣ, ಎಂಟು ಸಿಲಿಂಡರಿನ ಎಂಜಿನ್. ಯೌವನದಲ್ಲಿ ಅವರು ಅದನ್ನು ಮರಳುಗಾಡಿನ ರಸ್ತೆಗಳಲ್ಲಿ ಓಡಿಸಿದ್ದರಂತೆ. ಈಗ ಸ್ಟಾರ್ಟ್ ಮಾಡಿದರೆ ಗಲ್ಲಿಯ ತುಂಬ ನೀಲಿ ಹೊಗೆ. ಮೂರೇ ಗೇರುಗಳ ಹಳೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆದ್ದರಿಂದ ಹೆದ್ದಾರಿಯ ವೇಗಕ್ಕೆ ಹೋದರೆ ಎಂಜಿನ್ ಕಿರುಚಿಕೊಳ್ಳುತ್ತಿತ್ತು.

ಅರ್ಬಾಬರು ಹಿಂದಿಯೊಳಗೆ ಅರಬ್ಬಿಯನ್ನು ಬೆರೆಸಿ ಮಾತನಾಡುವವರು. ಅವರ ಮಾತನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಂಜೂ, ಹೊರಗೆ ಎಲ್ಲ ಹಾಗೇ ಇರಲಿ. ಒಳಗೆ ಎಲ್ಲ ಹೊಸದು. ಎಂಜಿನ್ ಹೊಸದು, ಗೇರ್‌ಬಾಕ್ಸ್ ಹೊಸದು, ಎಸಿ ಹೊಸದು. ಅಬುಧಾಬಿಯಲ್ಲಿ ನನ್ನ ಅಕ್ಕ ಇದ್ದಾಳೆ, ನಡೆಯಲು ಆಗುವುದಿಲ್ಲ. ಹುಡುಗನಾಗಿದ್ದಾಗ ಇದರಲ್ಲೇ ಅವಳನ್ನು ಸುತ್ತಾಡಿಸುತ್ತಿದ್ದೆ. ಇನ್ನೊಮ್ಮೆ ಕೂರಿಸಬೇಕು. ಅವಳಿಗೆ ಸೆಖೆ ಆಗಬಾರದು. ಅಷ್ಟೇ."

"ಆಗ್ತದೆ ಅರ್ಬಾಬ್," ಎಂದ ಅಣ್ಣ.

"ಇನ್ನೊಂದು ಮಾತು. ಸೆಪ್ಟೆಂಬರಿನಲ್ಲಿ ಗ್ಯಾರೇಜಿನ ಲೈಸೆನ್ಸ್ ಮುಗಿಯುತ್ತದೆ. ನನ್ನ ಮಕ್ಕಳು ಮುಚ್ಚು ಮುಚ್ಚು ಅನ್ನುತ್ತಾರೆ. ಈ ಗಾಡಿ ಓಡಿದರೆ ಅವರಿಗೆ ತೋರಿಸುತ್ತೇನೆ, ನನ್ನ ಮಂಜು ಎಂಥವನು ಅಂತ. ಆಚೆ ಕಡೆ ಹೊಸ ಶೆಡ್ ಕೊಡುತ್ತೇನೆ. ಓಡದಿದ್ದರೆ..." ಅವರು ಎರಡೂ ಅಂಗೈಗಳನ್ನು ಕೊಡವಿಕೊಂಡರು. "ಖಲಾಸ್."

ಆ ದಿನದ ಊಟದ ಹೊತ್ತಿನಲ್ಲಿ ಅತ್ತಿಗೆಯೇ ಎಲ್ಲವನ್ನೂ ಬಿಡಿಸಿ ಹೇಳಿದರು. "ಸೆಪ್ಟೆಂಬರ್ ಅಂದ್ರೆ ಇವ್ಳ್ ಹನ್ನೆರಡ್ನೇ ಕ್ಲಾಸ್ ಅರ್ಧಕ್ಕೆ. ವೀಸಾ ಹೋಯ್ತ್ ಅಂದ್ರೆ ಇವ್ಳನ್ ಕರ್ಕಂಡ್ ಹೋಯಿ ಎಲ್ಲಿ ಸೇರ್ಸೂದ್? ನಡೂ ವರ್ಷ ಯಾವ ಶಾಲಿಯರ್ ತಕಂತ್ರ್?"

ಪ್ರಾರ್ಥನಾ ತಟ್ಟೆಯಿಂದ ತಲೆ ಎತ್ತದೆ, "ಡೋಂಟ್ ವರಿ ಅಮ್ಮಾ, ಅಪ್ಪ ವಿಲ್ ಫಿಕ್ಸ್ ಇಟ್," ಎಂದಳು. ಅಣ್ಣ ಮೀನಿನ ಮುಳ್ಳು ಬಿಡಿಸುತ್ತ ಕುಳಿತಿದ್ದ.

ಅಂದಿನಿಂದ ನಮಗೆ ಬೇಕಾಗಿದ್ದುದು ಇಷ್ಟೇ: ಅವಳ ಶಾಲೆಯ ಆ ಒಂದು ವರ್ಷ ಮುಗಿಯುವವರೆಗೆ ನಾವು ನಾಲ್ವರೂ ಆ ಎರಡು ಕೋಣೆಗಳಲ್ಲಿ ಉಳಿಯಬೇಕು. ಅದಕ್ಕೆ ಆ ಕಾರು ಓಡಬೇಕು.

ಹೊಸ ಎಂಜಿನ್ನೂ ಗೇರ್‌ಬಾಕ್ಸೂ ಅಮೆರಿಕದಿಂದ ಮರದ ಪೆಟ್ಟಿಗೆಗಳಲ್ಲಿ ಬಂದವು. ತರಿಸಿಕೊಟ್ಟವರು ಭಟ್ಕಳದ ಇಸ್ಮಾಯಿಲ್ ಸಾಹೇಬರು. ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಹಿಂದಿ, ನಮ್ಮೊಡನೆ ಕನ್ನಡ ಮಾತನಾಡುವ ಬಿಡಿಭಾಗಗಳ ವ್ಯಾಪಾರಿ. ಪೆಟ್ಟಿಗೆ ಒಡೆಯುವುದನ್ನು ನೋಡಲೆಂದೇ ಅವರು ಬಂದು ಕುರ್ಚಿ ಹಾಕಿಸಿಕೊಂಡು ಕುಳಿತರು.

"ಮಂಜಣ್ಣ, ಇದು ಕುಡಿಯೋ ಪೆಟ್ರೋಲಲ್ಲಿ ನಮ್ಮೂರ ಬೋಟು ಮಂಗಳೂರಿಗೆ ಹೋಗಿ ಮೀನು ಮಾರಿ ವಾಪಸು ಬರ್ತದೆ ಮಾರಾಯ."

"ಬೋಟಂಗೆ ನಿಮ್ಮ ಅರ್ಬಾಬ್ ಅಕ್ಕನ್ ಕೂರ್ಸೂಕೆ ಆತ್ತಾ ಸಾಹೇಬ್ರೆ?" ಎಂದ ಅಣ್ಣ.

"ಅವ್ರು ನನ್ನ ಅರ್ಬಾಬ್ ಅಲ್ಲ ಮಾರಾಯ. ನಂಗೆ ನನ್ನ ಹೆಂಡ್ತಿ ಒಬ್ಬಳೇ ಅರ್ಬಾಬ್. ಅವಳ ಲೈಸೆನ್ಸ್ ರಿನ್ಯೂ ಮಾಡೋದೇ ಬೇಡ."

ಹಳೆಯ ಎಂಜಿನ್ನನ್ನು ಚೈನ್ ಬ್ಲಾಕಿಗೆ ಕಟ್ಟಿ ಮೇಲೆತ್ತಿದ ದಿನ ಧೂಳುಗಾಳಿ ಬೀಸುತ್ತಿತ್ತು. ಗಲ್ಲಿ ನೀರಿನಲ್ಲಿ ಮುಳುಗಿದವನ ಕಣ್ಣಿಗೆ ಕಾಣುವಂತೆ ಕದಡಿಹೋಗಿತ್ತು. ಕಬ್ಬಿಣದ ಆ ಮುದ್ದೆ ಸರಪಳಿಯಲ್ಲಿ ತೂಗುತ್ತಿದ್ದಾಗ ಅಣ್ಣ ಅದರ ಕೆಳಗೆ ಯಾರನ್ನೂ ಸುಳಿಯಗೊಡಲಿಲ್ಲ. ಹೊಸ ಎಂಜಿನ್ ಅಲ್ಯೂಮಿನಿಯಮ್ಮಿನದು, ಹಗುರ. ಆದರೆ ಗೇರ್‌ಬಾಕ್ಸ್ ಹಳೆಯದಕ್ಕಿಂತ ದಪ್ಪ, ಉದ್ದ. ಕಾರಿನ ನೆಲದ ನಡುವೆ ಅದು ಕೂರುವ ಉಬ್ಬಿನೊಳಗೆ ಹಿಡಿಯಲಿಲ್ಲ. ಅಣ್ಣ ಉಬ್ಬನ್ನು ಕತ್ತರಿಸಿ ಎತ್ತರಿಸಿದ. ಗೇರ್‌ಬಾಕ್ಸನ್ನು ಹೊರುವ ಅಡ್ಡತೊಲೆಯನ್ನು ಹಿಂದಕ್ಕೆ ಸರಿಸಿದ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟನ್ನು ಕೊಯ್ಯಿಸಿ ಗಿಡ್ಡ ಮಾಡಿಸಿ ತಂದ. ಒಂದು ಕೂದಲೆಳೆ ಓರೆಯಾದರೂ ವೇಗದಲ್ಲಿ ಇಡೀ ಕಾರು ನಡುಗುತ್ತದೆಂದು ಮೂರು ಸಲ ಜೋಡಿಸಿ ಮೂರು ಸಲ ಇಳಿಸಿದ. ಸಂಜೆ ಅವನು ಮನೆಗೆ ಬಂದು ಬಾಗಿಲ ಬಳಿಯೇ ಕುಳಿತುಬಿಡುತ್ತಿದ್ದ. ಚಪ್ಪಲಿ ಬಿಚ್ಚುವುದಕ್ಕೂ ಅವನಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ನನ್ನ ಸರದಿ ಬಂದದ್ದು ಆಮೇಲೆ. ಹಳೆಯ ಎಂಜಿನ್ನಿಗೆ ಕಾರ್ಬುರೇಟರ್ ಇತ್ತು, ಅದರ ಭಾಷೆ ಅಣ್ಣನಿಗೆ ಗೊತ್ತಿತ್ತು. ಹೊಸದಕ್ಕೆ ಪೆಟ್ರೋಲ್ ಚಿಮ್ಮಿಸುವುದನ್ನೂ ಕಿಡಿ ಹೊತ್ತಿಸುವುದನ್ನೂ ಗೇರ್ ಬದಲಿಸುವುದನ್ನೂ ಒಂದು ಚಿಕ್ಕ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅದಕ್ಕೆ ಸೇರುವ ವಯರುಗಳ ಕಂತೆ ಹಾವಾಡಿಗನ ಬುಟ್ಟಿಯಂತೆ ನೆಲದ ಮೇಲೆ ಬಿದ್ದಿತ್ತು. ಶನಿವಾರ, ಭಾನುವಾರ ನಾನು ಕಾರಿನ ನೆಲದ ಮೇಲೆ ಮಲಗಿಕೊಂಡು, ತಲೆಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ತೂರಿಸಿ, ಒಂದೊಂದೇ ವಯರನ್ನು ಅದರ ಜಾಗಕ್ಕೆ ಮುಟ್ಟಿಸಿದೆ. ಬಾನೆಟ್ಟಿನ ಕಡೆಯಿಂದ, ಹುಡುಗಿಯರನ್ನು ಕರೆಯುವ ನಮ್ಮೂರಿನ ‘ಹೆಣೆ’ಯೊಂದಿಗೆ, ಅಣ್ಣನ ಸ್ವರ ಕೇಳಿಸುತ್ತಿತ್ತು.

"ಹೆಣೆ, ಈ ಕೆಂಪ್ ವಯರ್ ಎಲ್ಲಿಗೆ ಹೋತ್ತ್?"

"ಫ್ಯಾನಿನ ರಿಲೇಗೆ. ಅದನ್ನ ಈಗ ಮುಟ್ಬೇಡ ಅಣ್ಣಾ."

"ಮುಟ್ಲಿಲ್ಲೆ. ಬರೀ ಕೇಂಡೆ. ಕಾಲೇಜಂಗೆ ಅಣ್ಣಂದಿರಿಗೆ ಬೈಯೂದೂ ಕಲ್ಸ್ತ್ರಾ?"

ಆ ಮಾತಿಗೆ ನಾನು ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಯಾರಿಗೂ ಕಾಣದಂತೆ ನಕ್ಕೆ. ಪದವಿ ಮುಗಿಸಿದ ಮೇಲೆ ಮೊದಲ ಸಲ ನಾನು ಕಲಿತದ್ದನ್ನು ಕೈಯಿಂದ ಮಾಡುತ್ತಿದ್ದೆ. ಮಾಡುತ್ತಿದ್ದಾಗಲೂ ತಪ್ಪಾದೀತೆಂಬ ಭಯ ಬಿಡಲಿಲ್ಲ. ಕಚೇರಿಯಲ್ಲಿ ಊಟದ ಹೊತ್ತಿನಲ್ಲಿ ವಯರಿಂಗಿನ ನಕಾಶೆಯನ್ನು ತೆರೆದು ಹಿಂದಿನ ದಿನದ ಜೋಡಣೆಗಳನ್ನು ಮನಸ್ಸಿನಲ್ಲಿಯೇ ಮತ್ತೆ ಪರಿಶೀಲಿಸುತ್ತಿದ್ದೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಎಂಜಿನ್ ಹೊತ್ತಿಕೊಂಡಿತು. ಮೊದಲು ಕೆಮ್ಮಿ ಸುಮ್ಮನಾಯಿತು. ನಾನು ಲ್ಯಾಪ್‌ಟಾಪಿನಲ್ಲಿ ಒಂದು ಅಂಕಿಯನ್ನು ತಿದ್ದಿದೆ. ಎರಡನೆಯ ಸಲಕ್ಕೆ ಗಂಭೀರವಾಗಿ ಗುಡುಗಿ, ಹಾಗೆಯೇ ತಗ್ಗಿ, ಒಂದೇ ಲಯದಲ್ಲಿ ನಿಂತಿತು. ಎದುರಿನ ದರ್ಜಿಗಳು ಹೊಲಿಗೆ ಬಿಟ್ಟು ಬಾಗಿಲಿಗೆ ಬಂದರು. ಅತ್ತಿಗೆ ವಿಲ್ಲಾದ ಮೆಟ್ಟಿಲಿನಿಂದಲೇ ಕೈ ಮುಗಿದರು. ಯಾವ ದೇವರಿಗೋ, ಕಾರಿಗೋ, ನನಗೆ ತಿಳಿಯಲಿಲ್ಲ.

ಇಲ್ಲಿ ನಮ್ಮ ಗ್ಯಾರೇಜಿನ ಒಂದು ರೂಢಿಯನ್ನು ಹೇಳಬೇಕು. ಬೇಸಿಗೆಯಲ್ಲಿ ನಡುಮಧ್ಯಾಹ್ನಕ್ಕೆ ಶಟರ್ ಎಳೆಯುವುದು, ಬಿಸಿಲು ಇಳಿದ ಮೇಲೆ ತೆರೆಯುವುದು. ಆ ಹೊತ್ತಿನಲ್ಲಿ ಬಿಸಿಲಲ್ಲಿ ನಿಂತು ಕೆಲಸ ಮಾಡುವಂತಿಲ್ಲ ಎಂಬುದು ಈ ದೇಶದ ನಿಯಮವೂ ಹೌದು, ಮೈಗೆ ಬೇಕಾದ ವಿಶ್ರಾಂತಿಯೂ ಹೌದು. ಅಣ್ಣ ಗಂಜಿ ಉಂಡು ಮಲಗುತ್ತಿದ್ದ. ಆದ್ದರಿಂದ ಕಾರನ್ನು ಓಡಿಸಿ ನೋಡುವ ಕೆಲಸವೆಲ್ಲ ನಸುಕಿನಲ್ಲಿ ಅಥವಾ ಸಂಜೆಯ ಬಾಂಗಿನ ಬಳಿಕ. ಜುಮೇರಾದ ಕಡಲ ರಸ್ತೆಯಲ್ಲಿ ಹೋಗಿ ಬರುತ್ತಿದ್ದೆವು. ಗೇರುಗಳು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬದಲಾಗುತ್ತಿದ್ದವು. ನಡುಕವಿಲ್ಲ, ಹೊಗೆಯಿಲ್ಲ. ಉಷ್ಣತೆಯ ಮುಳ್ಳು ನಡುವಿನ ಗೆರೆಯನ್ನು ದಾಟಲಿಲ್ಲ. ಎಂಜಿನ್ ಬದಲಿಸಿದ್ದಕ್ಕೆ ಪಡೆಯಬೇಕಾದ ಅನುಮತಿಯೂ ಸಿಕ್ಕಿತು; ಪಾಸಿಂಗ್ ಎನ್ನುವ ಸರ್ಕಾರಿ ತಪಾಸಣೆಯೂ ಒಂದು ಮುಂಜಾನೆ ಮುಗಿಯಿತು. ಕಾರಿನ ಮುಖ ಹಳೆಯದರಂತೆಯೇ ಕಾಣಲಿ ಎಂದು ಹಳೆಯ ರೇಡಿಯೇಟರನ್ನೇ ತೊಳೆಸಿ ಉಳಿಸಿಕೊಂಡಿದ್ದೆವು. ಅದು ಸಾಕಾದೀತೇ ಎಂಬ ಪ್ರಶ್ನೆ ಯಾರ ಬಾಯಿಂದಲೂ ಬರಲಿಲ್ಲ.

ಜುಲೈ ತಿಂಗಳ ಮೊದಲ ಶುಕ್ರವಾರ ಅರ್ಬಾಬರು ಬಂದು ಕೀಲಿ ತೆಗೆದುಕೊಂಡರು. ಜುಮ್ಮಾ ನಮಾಜು ಮುಗಿಸಿಕೊಂಡು ಹಾಗೆಯೇ ಅಬುಧಾಬಿಗೆ, ಅಕ್ಕನ ಮನೆಗೆ ಹೋಗುವುದೆಂದು ಅವರ ಯೋಜನೆ. ಅಣ್ಣನನ್ನೂ ಜೊತೆಗೆ ಬಾ ಎಂದರು. ಶುಕ್ರವಾರ ನನಗೆ ಅರ್ಧ ದಿನದ ಕಚೇರಿ. ಲ್ಯಾಪ್‌ಟಾಪ್ ಹಿಡಿದು ನಾನೂ ಹಿಂದಿನ ಸೀಟಿನಲ್ಲಿ ಕುಳಿತೆ. ಅರ್ಬಾಬರು ಇಸ್ತ್ರಿ ಮಾಡಿದ ಬಿಳಿ ಕಂದೂರ ಎಂಬ ಉದ್ದ ನಿಲುವಂಗಿ ಧರಿಸಿದ್ದರು. ಮಸೀದಿಯ ಬಳಿ ಗೆಳೆಯರು ಕಾರನ್ನು ಸುತ್ತುವರಿದು ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಅವರು ಅಣ್ಣನನ್ನು ತೋರಿಸಿ, "ನನ್ನ ಮಂಜು," ಎಂದರು.

ನಮಾಜಿನ ನಂತರ ಎಲ್ಲರ ಕಾರುಗಳೂ ಒಂದೇ ಬಾಗಿಲಿನಿಂದ ಹೊರಡಬೇಕು. ಸಾಲು ಇಂಚಿಂಚಾಗಿ ಸರಿಯುತ್ತಿತ್ತು. ತಲೆಯ ನೇರಕ್ಕೆ ಸೂರ್ಯ, ಕೆಳಗೆ ಕಾದ ಡಾಂಬರು, ಎಸಿ ಪೂರ್ತಿ ವೇಗದಲ್ಲಿ. ನನ್ನ ಪರದೆಯ ಮೇಲೆ ಉಷ್ಣತೆಯ ಅಂಕಿ ಒಂದೊಂದಾಗಿ ಏರತೊಡಗಿತು. ಫ್ಯಾನ್ ತಿರುಗುತ್ತಲೇ ಇತ್ತು. ಅಂಕಿಯೂ ಏರುತ್ತಲೇ ಇತ್ತು. "ಅಣ್ಣಾ," ಎಂದೆ. ಅಷ್ಟರಲ್ಲಿ ಅವನೂ ಮುಳ್ಳನ್ನು ನೋಡಿದ್ದ. "ಅರ್ಬಾಬ್, ಎಸಿ ಬಂದ್ ಮಾಡಿ," ಎಂದು ಅವನು ಹೇಳುವುದಕ್ಕೂ ಬಾನೆಟ್ಟಿನ ಎರಡೂ ಅಂಚುಗಳಿಂದ ಬಿಳಿ ಆವಿ ಏಳುವುದಕ್ಕೂ ಸರಿಹೋಯಿತು. ಆ ಸಿಹಿ ವಾಸನೆ ಒಳಗೆಲ್ಲ ತುಂಬಿತು.

ಹಿಂದಿನ ಕಾರುಗಳು ಹಾರ್ನ್ ಒತ್ತಿದವು. ಆಗಷ್ಟೇ ಬಾನೆಟ್ ಸವರಿ ಹೋಗಿದ್ದ ಗೆಳೆಯರೇ ಬಂದು ಕಾರನ್ನು ಪಕ್ಕಕ್ಕೆ ನೂಕಿದರು. ಒಬ್ಬರು ಏನೋ ತಮಾಷೆ ಮಾಡಿದರು, ಉಳಿದವರು ನಕ್ಕರು. ಅರ್ಬಾಬರು ನಗಲಿಲ್ಲ. "ಶೂ ಹಾದಾ, ಮಂಜೂ?" ಎಂದರು. ಏನಿದು ಎಂದು. ಉತ್ತರಕ್ಕಾಗಿ ಅವರು ನಿಲ್ಲಲಿಲ್ಲ. ಮಗನ ಕಾರಿಗೆ ಹತ್ತಿ ಹೊರಟುಹೋದರು. ಅವರ ಕಂದೂರದ ತೋಳಿಗೆ ಹಸಿರು ಕಲೆ ತಗುಲಿತ್ತು.

ರಿಕವರಿ ಬರುವವರೆಗೆ ನಾವಿಬ್ಬರೂ ಮಸೀದಿಯ ಗೋಡೆಯ ನೆರಳಿನಲ್ಲಿ ಕುಳಿತೆವು. ಅಣ್ಣ ಕಾರಿನ ಕಡೆ ನೋಡುತ್ತ ಹೇಳಿದ. "ಬೋಟಿನ್ ಎಂಜಿನ್ ಕಾದ್ರೆ ಅಡಿಯಂಗೆ ಕಡ್ಲ್ ಇತ್ತ್. ಎಷ್ಟ್ ನೀರ್ ಬೇಕಾರೂ ಎಳ್ಕಣತ್ತ್. ಇದ್ಕೆ ಎಂತ ಇತ್ತ್ ಹೆಣೆ?"

ಮನೆಗೆ ಬಂದಾಗ ಅತ್ತಿಗೆ ನಮ್ಮ ಮುಖಗಳನ್ನು ನೋಡಿ ನೀರು ತಂದುಕೊಟ್ಟರು. ಎಲ್ಲವನ್ನೂ ಕೇಳಿಸಿಕೊಂಡು, "ಮಧ್ಯಾಹ್ನ ಆದ್ರೆ ನೀವ್ ಮನಿಕಂತ್ರಿ, ನಿಮ್ ಕಾರೂ ಮನಿಕಂತಿತ್ತ್. ಇವತ್ ಅವ್ರ್ ಹೋಯಿ ಎಬ್ಬಿಸ್ರ್. ಅದ್ಕೆ ಸಿಟ್ಟ್ ಬಪ್ದಿಲ್ಯಾ?" ಎಂದರು.

ಚುಚ್ಚುಮಾತೇ ಆದರೂ ಅದು ಅಕ್ಷರಶಃ ನಿಜವಾಗಿತ್ತು. ಇಷ್ಟು ದಿನಗಳಲ್ಲಿ ನಾವು ಆ ಕಾರನ್ನು ಒಂದೇ ಒಂದು ನಡುಮಧ್ಯಾಹ್ನ ಹೊರಗೆ ಒಯ್ದಿರಲಿಲ್ಲ. ಓಡುವ ಕಾರಿಗೆ ಗಾಳಿ ಸಿಗುತ್ತದೆ. ಸಾಲಿನಲ್ಲಿ ನಿಂತ ಕಾರಿಗೆ ತನ್ನ ಫ್ಯಾನ್ ಬಿಟ್ಟರೆ ಗತಿಯಿಲ್ಲ. ಹಳೆಯ ರೇಡಿಯೇಟರಿಗೆ ಈಗ ಹೊಸ ಎಂಜಿನ್ನಿನ ಕಾವು, ಗೇರ್‌ಬಾಕ್ಸಿನ ಎಣ್ಣೆಯ ಕಾವು, ಅದರ ಮುಂದೆಯೇ ಕೂರಿಸಿದ ಎಸಿಯ ಕಾವು, ಮೂರೂ ಒಟ್ಟಿಗೆ ಬಿದ್ದಿದ್ದವು. ನಸುಕಿನಲ್ಲಿ ಅದು ಹೇಗೋ ತಾಳಿಕೊಂಡಿತ್ತು.

ಅರ್ಬಾಬರಿಗೆ ಅಣ್ಣ ಫೋನ್ ಮಾಡಿದ, ಅವರು ಎತ್ತಲಿಲ್ಲ. ಮರುವಾರ ಅವರ ಮಗ ಕರೆ ಮಾಡಿ, ತಂದೆ ಬೇಸಿಗೆ ಕಳೆಯಲು ಹೊರದೇಶಕ್ಕೆ ಹೋಗಿದ್ದಾರೆ, ಸೆಪ್ಟೆಂಬರಿಗೆ ಬರುತ್ತಾರೆ, ಲೈಸೆನ್ಸಿನ ಮಾತು ಆಗ ಎಂದು ತಿಳಿಸಿದರು. ಅಲ್ಲಿಯವರೆಗೆ ಕಾರು ಗ್ಯಾರೇಜಿನ ಅಂಗಳದಲ್ಲಿಯೇ ಇತ್ತು.

ಇಸ್ಮಾಯಿಲ್ ಸಾಹೇಬರು ಮೊದಲಿನದಕ್ಕಿಂತ ದಪ್ಪದ ಅಲ್ಯೂಮಿನಿಯಂ ರೇಡಿಯೇಟರ್ ಹುಡುಕಿಕೊಟ್ಟರು. ಅಣ್ಣ ಅದನ್ನು ಹೊರಗಿನಿಂದ ಕಾಣದಂತೆ ಹಳೆಯ ಚೌಕಟ್ಟಿನ ಹಿಂದೆ ಕೂರಿಸಿದ. ಗಾಳಿ ಅಕ್ಕಪಕ್ಕಕ್ಕೆ ಸೋರಿಹೋಗದಂತೆ ತಗಡಿನ ಗೂಡು ಮಾಡಿ ಎರಡು ಫ್ಯಾನುಗಳನ್ನು ಬಿಗಿದ. ಗೇರ್‌ಬಾಕ್ಸಿನ ಎಣ್ಣೆಗೆ ಬೇರೆಯೇ ಕೂಲರ್ ಹಾಕಿದ. ಫ್ಯಾನುಗಳು ಎಷ್ಟು ಕಾವಿಗೆ ತಿರುಗಬೇಕು, ಎಸಿ ಹಾಕಿದ ಕೂಡಲೇ ಎರಡನೆಯದು ಹೇಗೆ ಜೊತೆಗೂಡಬೇಕು ಎಂಬುದನ್ನು ನಾನು ಕಂಪ್ಯೂಟರಿನಲ್ಲಿ ಹೊಸದಾಗಿ ಬರೆದೆ. ಆಗಸ್ಟ್ ಬಂದಿತ್ತು. ಗಾಳಿಯಲ್ಲಿ ಕಡಲ ತೇವ ತುಂಬಿ, ಬಾಗಿಲು ತೆರೆದರೆ ಕನ್ನಡಕ ಮಂಜಾಗುತ್ತಿತ್ತು. ಕುಡಿದ ನೀರೆಲ್ಲ ಅಂಗಿಯಲ್ಲಿಯೇ ಇರುತ್ತಿತ್ತು.

ಈ ಸಲ ಪರೀಕ್ಷೆ ನಡುಮಧ್ಯಾಹ್ನವೇ ಆಗಬೇಕಿತ್ತು. ಕಾರನ್ನು ಅಂಗಳದ ಪೂರ್ತಿ ಬಿಸಿಲಿಗೆ ತಂದು, ಎಂಜಿನ್ ಚಾಲೂ ಇಟ್ಟು, ಎಸಿ ಕೊನೆಯವರೆಗೆ ತಿರುಗಿಸಿ, ಕದಲದೆ ನಿಲ್ಲಿಸುವುದು. ಅಣ್ಣ ಗ್ಯಾರೇಜಿನ ತಗಡಿನ ಮಾಡಿನ ನೆರಳಿನಲ್ಲಿ ನಿಂತು ಬಾನೆಟ್ ಕಡೆ ಕಣ್ಣಿಟ್ಟಿರುತ್ತಿದ್ದ. ಒಳಗೆ ಕುಳಿತು ಮುಳ್ಳು ನೋಡುವವರು ಬೇಕಿತ್ತು. ವಾರದ ದಿನಗಳಲ್ಲಿ ನಾನು ಕಚೇರಿಯಲ್ಲಿ. ಮೂರನೆಯ ದಿನ ಅಣ್ಣ ಒಳಗೂ ಹೊರಗೂ ಓಡಾಡುತ್ತಿದ್ದವನು ಶಟರಿನ ಬಳಿ ಕುಸಿದು ಕುಳಿತ. ಪಕ್ಕದ ದರ್ಜಿಗಳು ಎತ್ತಿಕೊಂಡು ಕ್ಲಿನಿಕ್ಕಿಗೆ ಒಯ್ದರು. ಗ್ಲೂಕೋಸ್ ಹಾಕಿ ಕಳುಹಿಸಿದರು.

ನಾನು ಕಚೇರಿಯಿಂದ ಓಡಿ ಬಂದಾಗ ಅತ್ತಿಗೆ ಅವನ ತಲೆಗೆ ಒದ್ದೆ ಬಟ್ಟೆ ಇಡುತ್ತಿದ್ದರು. "ಕಾರಿಗೆ ಎರಡ್ ಫ್ಯಾನ್ ಹಾಕ್ರಿ. ನಿಮ್ಗೆ ಎಂತ ಹಾಕೂದ್?" ಎಂದರು. ಸ್ವರದಲ್ಲಿ ಕೋಪವಿತ್ತು, ಕಣ್ಣಿನಲ್ಲಿ ಭಯವಿತ್ತು.

"ನಂಗೇನ್ ಆಯ್ಲಿಲ್ಲೆ ಗಿರಿಜಾ."

"ಆದ್ರೆ ಹೇಳೂಕೆ ನೀವ್ ಇರ್ತ್ರಾ? ನಾಳೆಯಿಂದ ಒಳಗೆ ನಾ ಕೂಕಂತೆ. ಮುಳ್ಳ್ ಕಾಂಬುಕೆ ಇಂಜಿನಿಯರೇ ಆಯ್ಕಂದೇನ್ ಇಲ್ಲ ಅಲ್ದಾ?" ಕೊನೆಯ ಮಾತು ನನ್ನ ಕಡೆಗೆ. ನಾನು ಇಲ್ಲವೆಂದು ತಲೆಯಾಡಿಸಿದೆ.

ಆಗಸ್ಟ್ ತಿಂಗಳ ಉಳಿದ ಮಧ್ಯಾಹ್ನಗಳು ಹಾಗೆ ಕಳೆದವು. ವಿಲ್ಲಾದ ನಮ್ಮ ಕೋಣೆಯ ಎಸಿ ಮುಲುಗುವುದಷ್ಟನ್ನೇ ಮಾಡುತ್ತಿದ್ದ ಕಾಲ. ಇಡೀ ಗಲ್ಲಿಯಲ್ಲಿ ಅತ್ಯಂತ ತಂಪಾದ ಜಾಗವೆಂದರೆ ಬಿಸಿಲಲ್ಲಿ ಗುಡುಗುತ್ತ ನಿಂತ ಆ ಹಸಿರು ಕಾರಿನ ಒಳಗು. ಶಾಲೆಗೆ ರಜೆಯಿದ್ದುದರಿಂದ ಪ್ರಾರ್ಥನಾ ಪುಸ್ತಕಗಳನ್ನು ಹೊತ್ತುಕೊಂಡು ಹಿಂದಿನ ಸೀಟಿಗೆ ಬಂದಳು. ಮುಂದಿನ ಸೀಟಿನಲ್ಲಿ ಅತ್ತಿಗೆ ಬೀನ್ಸ್ ಮುರಿಯುತ್ತ ಕೂರುತ್ತಿದ್ದರು. ಶನಿವಾರ ನಾನೂ ಸೇರಿಕೊಳ್ಳುತ್ತಿದ್ದೆ. ಭೌತಶಾಸ್ತ್ರದಲ್ಲಿ ಶಾಖದ ಪಾಠವನ್ನು ಅವಳಿಗೆ ಆ ಸೀಟಿನಲ್ಲಿಯೇ ಹೇಳಿಕೊಟ್ಟೆ.

"ಅತ್ತೆ, ದಿಸ್ ಈಸ್ ಸೋ ಎಂಬರಾಸಿಂಗ್. ಫ್ರೆಂಡ್ಸ್ ಕೇಳಿದ್ರೆ ನಾನು ಲೈಬ್ರರಿಗೆ ಹೋಗ್ತೇನೆ ಅಂತ ಹೇಳ್ತೇನೆ."

"ಲೈಬ್ರರಿಯಂಗೆ ಬೀನ್ಸ್ ಮುರೂಕೆ ಬಿಡ್ತಿಲ್ಲೆ," ಎಂದರು ಅತ್ತಿಗೆ. ಆಮೇಲೆ ಗಾಜು ಇಳಿಸಿ ಅಣ್ಣನಿಗೆ ಕೂಗಿದರು, "ಹ್ವಾಯ್, ಮುಳ್ಳ್ ಅಲ್ಲೇ ಇತ್ತ್! ಒಂಚೂರೂ ಅಲ್ಲಾಡ್ಲಿಲ್ಲೆ!"

ಅಣ್ಣ ನೆರಳಿನಿಂದ ಕೈ ಎತ್ತುತ್ತಿದ್ದ. ಕ್ಲಿನಿಕ್ಕಿನಿಂದ ಬಂದ ಮೇಲೆ ಅವನ ನಡಿಗೆ ನಿಧಾನವಾಗಿತ್ತು. ಚೈನ್ ಬ್ಲಾಕಿನ ಸರಪಳಿ ಎಳೆಯುವಾಗ ನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದ. ಮುಳ್ಳು ಅಲ್ಲಾಡದಿದ್ದುದಕ್ಕೆ ಅವನಿಗೆ ಸಂತೋಷವಾಗಿರಬೇಕು, ಆದರೆ ಸಂತೋಷ ತೋರಿಸುವ ಶಕ್ತಿ ಉಳಿದಿರಲಿಲ್ಲ.

ಸೆಪ್ಟೆಂಬರ್ ಆರಂಭದಲ್ಲಿ ಅರ್ಬಾಬರು ಮರಳಿದರು. ಅಣ್ಣ ಈ ಸಲ ಫೋನ್ ಮಾಡದೆ ನೇರವಾಗಿ ಅವರ ಮನೆಗೆ ಹೋದ. ಏನು ಹೇಳಿದೆಯೆಂದು ನಾನು ಕೇಳಿದೆ. "ಒಂದ್ ಮಧ್ಯಾಹ್ನ ಕೊಡಿ ಅಂದೆ, ಅಷ್ಟೇ," ಎಂದ.

ಅವರು ಶನಿವಾರದ ಮಧ್ಯಾಹ್ನವನ್ನು ಕೊಟ್ಟರು. ಅಬುಧಾಬಿಯವರೆಗೆ ಕಾರು ಹೆದ್ದಾರಿಯಲ್ಲಿ ಸದ್ದಿಲ್ಲದೆ ಸಾಗಿತು. ಹೊಸ ಗೇರ್‌ಬಾಕ್ಸ್ ಎಂಜಿನ್ನನ್ನು ತೂಕಡಿಸುವಷ್ಟು ನಿಧಾನಕ್ಕೆ ಇಳಿಸಿತ್ತು. ಅಲ್ಲಿ ಅವರ ಅಕ್ಕನನ್ನು ಇಬ್ಬರು ಸೊಸೆಯರು ಹಿಡಿದು ತಂದು ಮುಂದಿನ ಸೀಟಿನಲ್ಲಿ ಕೂರಿಸಿದರು. ತೀರ ಸಣಕಲು ಮುದುಕಿ. ಮುಖದ ಮೇಲೆ ಹಳೆಯ ಕಾಲದ ಚಿನ್ನದ ಬಣ್ಣದ, ಹಣೆ-ಮೂಗು ಮುಚ್ಚುವ ಮುಖವಾಡದಂಥ ಬುರ್ಖಾ, ಕೈಗಳಲ್ಲಿ ಮೆಹಂದಿ. ಅವರಿಗೆ ಮೀನು ಆರಿಸಬೇಕಿತ್ತಂತೆ. ಅಲ್ ಮೀನಾ ಬಂದರಿನ ಮೀನು ಮಾರುಕಟ್ಟೆಗೆ ಹೊರಟೆವು.

ರಜೆಯ ದಿನ, ಮಾರುಕಟ್ಟೆಯ ದಾರಿಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಮಸೀದಿಯ ಬಾಗಿಲಿನಲ್ಲಿ ಕಂಡದ್ದೇ ಸಾಲು, ಅದೇ ಸೂರ್ಯ. ಅಣ್ಣ ನನ್ನ ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಕುಳಿತಿದ್ದ. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಂಕಿ ಸ್ವಲ್ಪ ಏರಿತು. ಎರಡನೆಯ ಫ್ಯಾನ್ ಜೊತೆಗೂಡಿದ ಸದ್ದು ಕೇಳಿಸಿತು. ಅಂಕಿ ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಸಾಲು ಕದಲಲಿಲ್ಲ.

ಆಗ ಮುಂದಿನ ಸೀಟಿನಿಂದ ಆ ವೃದ್ಧೆ ತಲೆಯ ಮೇಲಿನ ಶೇಲೆಯ ವಸ್ತ್ರವನ್ನು ಬಿಗಿಯಾಗಿ ಹೊದ್ದುಕೊಳ್ಳುತ್ತ ತಮ್ಮನಿಗೆ ಏನೋ ಗೊಣಗಿದರು. "ಬರ್ದ್, ಬರ್ದ್," ಎಂಬುದಷ್ಟು ನನಗೆ ಅರ್ಥವಾಯಿತು. ಚಳಿ, ಚಳಿ ಎನ್ನುತ್ತಿದ್ದರು.

ಅರ್ಬಾಬರು ಕನ್ನಡಿಯಲ್ಲಿ ಅಣ್ಣನನ್ನು ನೋಡಿದರು. "ಮಂಜೂ! ನನ್ನ ಅಕ್ಕನಿಗೆ ಚಳಿ ಆಗುತ್ತಿದೆಯಂತೆ! ಇದು ಎಂಥ ಗಾಡಿ ಮಾಡಿದೆ ನೀನು, ಫ್ರಿಜ್ಜಾ?" ಎಂದು ಸ್ಟಿಯರಿಂಗ್ ಬಡಿದು ನಕ್ಕರು. ಅಣ್ಣ ಎರಡೂ ಕೈಗಳಿಂದ ಮುಖ ಒರೆಸಿಕೊಂಡ. ಆ ತಂಪಿನಲ್ಲಿಯೂ ಅವನು ಬೆವರಿದ್ದ.

ಅಕ್ಕನನ್ನು ಮನೆಗೆ ಬಿಟ್ಟ ಮೇಲೆ ಅರ್ಬಾಬರು ನಮ್ಮನ್ನು ಅಲ್ಲಿಯೇ ಮಜ್ಲಿಸ್ ಎನ್ನುವ ಅತಿಥಿಗಳ ಕೋಣೆಯಲ್ಲಿ ಕೂರಿಸಿ ಕಹ್ವಾ ಎಂಬ ಅರಬ್ಬಿ ಕಾಫಿ ಕೊಟ್ಟರು. ಖರ್ಜೂರದ ತಟ್ಟೆಯನ್ನು ತಾವೇ ಅಣ್ಣನ ಕಡೆಗೆ ಸರಿಸಿದರು. ಬಳಿಕ ಹೇಳಿದರು. ಶೆಡ್ಡು ಇಲ್ಲ, ಅವರು ಊರಲ್ಲಿಲ್ಲದಾಗ ಮಕ್ಕಳು ಅದನ್ನು ಕಾಫಿ ಅಂಗಡಿಯವರಿಗೆ ಕೊಟ್ಟುಬಿಟ್ಟಿದ್ದರು. ಸತ್ವಾದ ಜಾಗವನ್ನೂ ಬಿಟ್ಟುಕೊಡಬೇಕು. "ಆದರೆ ನಿನ್ನನ್ನು ನಾನು ಬಿಡುವುದಿಲ್ಲ. ಈ ಊರಿನ ಹೊರಗೆ, ಬನಿಯಾಸಿನ ಆಚೆ ನನ್ನ ತೋಟದಲ್ಲಿ ಇನ್ನೂ ನಾಲ್ಕು ಹಳೆ ಗಾಡಿಗಳಿವೆ. ಎಲ್ಲದಕ್ಕೂ ಹೀಗೇ ಎಂಜಿನ್ ಹಾಕು. ಸಂಬಳ ಕೊಡುತ್ತೇನೆ, ಅಲ್ಲೇ ಒಂದು ಕೋಣೆ ಇದೆ, ಎಸಿ ಇದೆ. ಒಬ್ಬನಿಗೆ ಸಾಕು."

ಅಣ್ಣ ಕಹ್ವಾದ ಪುಟ್ಟ ಬಟ್ಟಲನ್ನು ಕೆಳಗಿಟ್ಟ. ಕೆಲಸ ಚೆನ್ನಾಗಿ ಆಯಿತು, ಆದ್ದರಿಂದ ಈ ಮನುಷ್ಯ ಬೇಕು. ಮನುಷ್ಯನ ಹಿಂದೆ ಮೂವರು ಇದ್ದಾರೆಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ. ಕೆಡುಕಿನಿಂದ ಅಲ್ಲ, ಅವರಿಗೆ ತೋಚಿರಲೇ ಇಲ್ಲ. ನಾನು ಏನಾದರೂ ಹೇಳಬೇಕೆಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಹಿಂದಿಯಲ್ಲಿ ಹೇಳಲೋ ಇಂಗ್ಲಿಷಿನಲ್ಲಿಯೋ ಎಂದು ತಡವರಿಸುವಷ್ಟರಲ್ಲಿ ಅಣ್ಣ ಮಾತನಾಡಿದ.

"ಅರ್ಬಾಬ್, ಮಗಳು ಹನ್ನೆರಡನೇ ಕ್ಲಾಸು. ಪರೀಕ್ಷೆ ಮಾರ್ಚಿನಲ್ಲಿ. ಅಲ್ಲಿವರೆಗೆ ಲೈಸೆನ್ಸ್ ಇರಲಿ. ಆಮೇಲೆ ನೀವು ಹೇಳಿದ ಕಡೆ ಬರ್ತೇನೆ."

"ಮಾರ್ಚ್?" ಅರ್ಬಾಬರು ಆಶ್ಚರ್ಯಪಟ್ಟರು, ಇಷ್ಟೇ ಏನು ಎಂಬಂತೆ. "ಏಪ್ರಿಲ್ ಅನ್ನು. ಖಲಾಸ್."

ಅರ್ಬಾಬರು ಕಾರಿನೊಂದಿಗೆ ಅಲ್ಲಿಯೇ ಉಳಿದರು; ಹಿಂದಿರುಗುವಾಗ ಬಸ್ಸಿನಲ್ಲಿ ಅಣ್ಣ ಕಿಟಕಿಗೆ ತಲೆ ಆನಿಸಿ ದುಬೈ ಬರುವವರೆಗೆ ನಿದ್ದೆ ಮಾಡಿದ. ಬಾಗಿಲು ತೆರೆದ ಅತ್ತಿಗೆಗೆ ಅವನು ಹೇಳಿದ್ದು ಎರಡೇ ಮಾತು: "ಶಾಲಿ ಮುಗಿತ್ತ್." ಮಗಳ ಶಾಲೆ ಇಲ್ಲಿಯೇ ಪೂರ್ತಿಯಾಗುತ್ತದೆ ಎಂದು. ಉಳಿದದ್ದನ್ನು ಮರುದಿನ ಹೇಳಿದ.

ಪ್ರಾರ್ಥನಾ ಆ ಶಾಲೆಯಲ್ಲಿಯೇ ಪರೀಕ್ಷೆ ಬರೆದು ಒಳ್ಳೆಯ ಅಂಕಗಳಿಂದ ತೇರ್ಗಡೆಯಾದಳು. ಗ್ಯಾರೇಜು ಏಪ್ರಿಲಿನಲ್ಲಿ ಮುಚ್ಚಿತು. ಅತ್ತಿಗೆ ಮಗಳನ್ನು ಕರೆದುಕೊಂಡು ಮಂಗಳೂರಿಗೆ ಹೋದರು. ಅಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ, ಪ್ರಾರ್ಥನಾ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅಣ್ಣ ಬನಿಯಾಸಿನ ಆಚೆಯ ತೋಟದಲ್ಲಿ ಮೂರನೆಯ ಕಾರಿನ ಕೆಲಸದಲ್ಲಿದ್ದಾನೆ. ನಾನು ದೇರಾದಲ್ಲಿ ಬೇರೆ ಹೆಂಗಸರೊಂದಿಗೆ ಕೋಣೆ ಹಂಚಿಕೊಂಡಿದ್ದೇನೆ. ವಾಹನಗಳ ವಯರಿಂಗ್ ಮಾಡುವ ಒಂದು ಸಂಸ್ಥೆಯಲ್ಲಿ, ನಾನು ಓದಿದ್ದಕ್ಕೆ ತಕ್ಕ ಕೆಲಸ ಸಿಕ್ಕಿದೆ. ಸತ್ವಾದ ಆ ಎರಡು ಕೋಣೆಗಳನ್ನು ಖಾಲಿ ಮಾಡಿದ ದಿನದಿಂದ ಇವತ್ತಿನವರೆಗೆ ನಾವು ನಾಲ್ವರೂ ಒಂದೇ ಸೂರಿನ ಕೆಳಗೆ ಮಲಗಿಲ್ಲ.